14 ಕಿಲೋ ಕಾಂಟ್ರಾ, 72 ವರ್ಷದ ಭುಜ: ಬ್ಯೂಗಲ್ ತಂಡದ ಹಿರಿಯರೊಬ್ಬರ ಪ್ರಕರಣ

ನಾನು ಫಿಸಿಯೋಥೆರಪಿಸ್ಟ್. ಊರು ಶಿವಮೊಗ್ಗದ ಕಡೆ, ಕೆಲಸ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಇಲ್ಲಿನ ಒಂದು ಡ್ರಮ್ ಅಂಡ್ ಬ್ಯೂಗಲ್ ಕೋರ್‌ಗೆ, ಅಂದರೆ ಡ್ರಮ್ಮು, ಹಿತ್ತಾಳೆ ತುತ್ತೂರಿ ನುಡಿಸುತ್ತಾ ಹೆಜ್ಜೆ ಹಾಕುವ ತಂಡಕ್ಕೆ, ಬಿಡುವಿದ್ದ ಭಾನುವಾರ ಹೋಗಿ ಕೈಲಾದ ಸಹಾಯ ಮಾಡುತ್ತೇನೆ. ಮಂಡಿ ನೋವು, ಬೆನ್ನು ನೋವು, ಬಿಸಿಲಿಗೆ ತಲೆಸುತ್ತು, ಇಂಥವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸಂಬಳ ಇಲ್ಲ, ಪ್ರೀತಿ ಇದೆ.

ಇದು ಆ ತಂಡದ ಹಿರಿಯರೊಬ್ಬರ ಪ್ರಕರಣ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಊರು, ತಂಡದ ಹೆಸರು ಬಿಟ್ಟಿದ್ದೇನೆ, ಒಂದೆರಡು ವಿವರ ಬದಲಿಸಿದ್ದೇನೆ. ಅವರು ನಮ್ಮ ಪಕ್ಕದ ಬೀದಿಯವರು. ನನ್ನ ಮಗಳು ಮೊದಲಿಂದಲೂ ಅವರನ್ನು 'ತಾತ' ಅನ್ನುತ್ತಾಳೆ. ಅವರಿಗೂ ಆ ಹೆಸರು ಒಗ್ಗಿಹೋಗಿದೆ. ಇಲ್ಲೂ ತಾತ ಅಂತಲೇ ಇರಲಿ.

ಹಿನ್ನೆಲೆ

ಮೊದಲು ಈ ತಂಡಗಳ ಬಗ್ಗೆ ಸ್ವಲ್ಪ. ನಮ್ಮ ಕಡೆ ಪೊಲೀಸ್ ಬ್ಯಾಂಡ್ ನೋಡಿದವರಿಗೆ ಅಂದಾಜು ಸಿಗುತ್ತದೆ. ಆದರೆ ಇದರಲ್ಲಿ ಕ್ಲಾರಿನೆಟ್, ಸ್ಯಾಕ್ಸೋಫೋನ್ ಯಾವುದೂ ಇರುವುದಿಲ್ಲ. ಹಿತ್ತಾಳೆ ವಾದ್ಯ, ಡ್ರಮ್ಮು, ಬಾವುಟ ಹಿಡಿದು ಕುಣಿಯುವ ಕಲರ್ ಗಾರ್ಡ್, ಅಷ್ಟೇ. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಅಮೆರಿಕನ್ ಲೀಜನ್, ವಿ.ಎಫ್.ಡಬ್ಲ್ಯು. ಎಂಬ ತಮ್ಮ ಸಂಘಗಳ ಶಾಖೆಗಳಲ್ಲಿ ಇಂಥ ತಂಡ ಕಟ್ಟಿಕೊಂಡರು. ಹುಡುಗರ ತಂಡಗಳು ಬೆಳೆದದ್ದು ಆಮೇಲೆ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ 'ಹುಡುಗರ ಆಟದಲ್ಲಿ ಮುದುಕರಿಗೇನು ಕೆಲಸ' ಅನ್ನುವವರು ಇಲ್ಲೂ ಇದ್ದಾರೆ. ಈ ಆಟ ಶುರು ಮಾಡಿದವರೇ ದೊಡ್ಡವರು.

ಇವತ್ತು ಹೆಚ್ಚು ಹೆಸರಾಗಿರುವುದು ಡ್ರಮ್ ಕೋರ್ ಇಂಟರ್‌ನ್ಯಾಷನಲ್ ನಡೆಸುವ ಸ್ಪರ್ಧೆ. ಅದರ ಮೊದಲ ಚಾಂಪಿಯನ್‌ಶಿಪ್ ಆಗಿದ್ದು 1972ರಲ್ಲಿ. ಅಲ್ಲಿನ ಯುವಕರ ತಂಡಗಳಿಗೆ ವಯಸ್ಸಿನ ಗಡಿ ಇದೆ. 22 ಸಮೀಪಿಸಿದರೆ ಆ ಸೀಸನ್ನೇ ಕೊನೆ. ಅದಕ್ಕೆ 'ಏಜ್ ಔಟ್' ಅನ್ನುತ್ತಾರೆ. ಕೊನೆಯ ರಾತ್ರಿ ಎಷ್ಟೋ ಹುಡುಗರು ಮೈದಾನದಲ್ಲೇ ಕೂತು ಅಳುತ್ತಾರೆ. ವಯಸ್ಸಿನ ಗಡಿ ಇಲ್ಲದ ತಂಡಗಳದ್ದು ಬೇರೆಯೇ ಸಾಲು. ನ್ಯೂಜೆರ್ಸಿಯ ಹಾಥಾರ್ನ್ ಕಬಲೆರೋಸ್ 1946ರದ್ದು, ಪೆನ್ಸಿಲ್ವೇನಿಯಾದ ರೆಡಿಂಗ್ ಬಕನಿಯರ್ಸ್ 1957ರದ್ದು. ಇವರಿಗಾಗಿ ಡ್ರಮ್ ಕೋರ್ ಅಸೋಸಿಯೇಟ್ಸ್ ಎಂಬ ಸಂಸ್ಥೆ 1965ರಿಂದ ಪ್ರತ್ಯೇಕ ಚಾಂಪಿಯನ್‌ಶಿಪ್ ನಡೆಸುತ್ತಿತ್ತು. 2024ರಿಂದ ಅದು ಇಂಟರ್‌ನ್ಯಾಷನಲ್‌ನ ಒಳಗೇ 'ಆಲ್ ಏಜ್' ವಿಭಾಗವಾಗಿ ಸೇರಿಕೊಂಡಿದೆ. ಇದಲ್ಲದೆ ಹಳೆಯ ಸದಸ್ಯರು ಸೇರಿ ಕಟ್ಟಿಕೊಂಡ ಅಲುಮ್ನಿ ತಂಡಗಳಿವೆ. ಇವರಲ್ಲಿ ಹೆಚ್ಚಿನವರು ಸ್ಪರ್ಧೆಗೆ ಹೋಗುವುದಿಲ್ಲ. ಮೆರವಣಿಗೆಯಲ್ಲಿ ನುಡಿಸುತ್ತಾರೆ, ನಿಂತಲ್ಲೇ ಕಛೇರಿ ಕೊಡುತ್ತಾರೆ.

ತಾತನ ತಂಡ ಈ ಕೊನೆಯ ಜಾತಿಯದು. ಅತಿ ಚಿಕ್ಕವರಿಗೆ 19, ಅತಿ ದೊಡ್ಡವರಿಗೆ 80.

ತಾತ 13ನೇ ವಯಸ್ಸಿಗೆ ಚರ್ಚಿನ ಹುಡುಗರ ತಂಡ ಸೇರಿದವರು. 21ಕ್ಕೆ ಅಲ್ಲಿಂದ ಹೊರಬಂದು ಹಿರಿಯರ ತಂಡದಲ್ಲಿ ಆರು ವರ್ಷ ಊದಿದರು. ಆಮೇಲೆ ಉಕ್ಕಿನ ಕಾರ್ಖಾನೆಯ ಪಾಳಿ, ಮದುವೆ, ಮಕ್ಕಳು. ಎಲ್ಲ ಬಿಟ್ಟುಹೋಯಿತು. ಮತ್ತೆ ವಾದ್ಯ ಹಿಡಿದಾಗ 55 ವರ್ಷ. ಅವರ ವಾದ್ಯ ಕಾಂಟ್ರಾಬೇಸ್ ಬ್ಯೂಗಲ್, ಎಲ್ಲರ ಬಾಯಲ್ಲಿ 'ಕಾಂಟ್ರಾ'. ತಂಡದ ಅತಿ ಕೆಳಗಿನ ಸ್ವರ ಅದರದ್ದು. ಅದನ್ನು ಎಡ ಭುಜದ ಮೇಲೆ ಹೊರಬೇಕು. ಅವರದ್ದನ್ನು ನಾನೇ ತೂಗಿ ನೋಡಿದ್ದೇನೆ, 14 ಕಿಲೋಗೆ ಸ್ವಲ್ಪ ಮೇಲಿತ್ತು.

ಸಮಸ್ಯೆ

ಆ ವರ್ಷ ತಂಡದವರು ಒಂದು ಆಸೆ ಪಟ್ಟರು. ಬರೀ ನಿಂತು ನುಡಿಸಿದ್ದು ಸಾಕು, ಒಂದು ಸಲ ಮೈದಾನದಲ್ಲಿ 8 ನಿಮಿಷದ ಪ್ರದರ್ಶನ ಕೊಡೋಣ ಅಂತ. ಮೈದಾನ ಅಂದರೆ ಅಮೆರಿಕನ್ ಫುಟ್‌ಬಾಲ್ ಮೈದಾನ. ಐದೈದು ಗಜಕ್ಕೊಂದು ಬಿಳಿ ಗೆರೆ. ಒಂದು ಗೆರೆಯಿಂದ ಇನ್ನೊಂದಕ್ಕೆ ಸರಿಯಾಗಿ 8 ಹೆಜ್ಜೆ, ಅಂದರೆ ಹೆಜ್ಜೆಗೆ ಸುಮಾರು 57 ಸೆಂಟಿಮೀಟರ್. ಮುಂದೆ ಹೋಗುವಾಗ ಹಿಮ್ಮಡಿಯಿಂದ ಬೆರಳಿಗೆ ಪಾದ ಉರುಳಿಸಬೇಕು. ಹಿಂದೆ ಹೋಗುವಾಗ ಹಿಮ್ಮಡಿ ನೆಲಕ್ಕೆ ತಾಗಬಾರದು, ತುದಿಗಾಲಲ್ಲೇ ಹೋಗಬೇಕು. ಹಿಂದೆ ತಿರುಗಿ ನೋಡುವ ಹಾಗಿಲ್ಲ. ಯಾರು ಎಲ್ಲಿ ನಿಲ್ಲಬೇಕು ಅನ್ನುವುದು ಹಾಳೆಯಲ್ಲಿ ಚುಕ್ಕೆಯಾಗಿ ಇರುತ್ತದೆ. ಆ 'ಡಾಟ್' ಬಾಯಿಪಾಠ ಆಗಿರಬೇಕು.

ಆಗಸ್ಟ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಎರಡು ಗಂಟೆ. ಶಾಲೆಯೊಂದರ ಪಾರ್ಕಿಂಗ್ ಜಾಗದಲ್ಲಿ ರಿಹರ್ಸಲ್. ಡಾಂಬರು ಕಾದು ಬೂಟಿನ ಅಡಿಗೆ ಅಂಟುತ್ತಿತ್ತು. ಕಾಂಟ್ರಾ ಸಾಲು 16 ಹೆಜ್ಜೆ ಹಿಂದಕ್ಕೆ ಸರಿಯಬೇಕಿತ್ತು. ಹನ್ನೊಂದನೆಯದೋ ಹನ್ನೆರಡನೆಯದೋ ಹೆಜ್ಜೆಗೆ ತಾತ ಎಡಕ್ಕೆ ವಾಲಿ ಬಿದ್ದರು. ವಾದ್ಯ ಅವರ ಮೇಲೆ ಬಿತ್ತು. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ಸೊಂಟದ ಮೇಲೆ ಅಂಗೈಯಗಲದ ಕಪ್ಪು ಕಲೆ, ಮೊಣಕೈ ತರಚು. ನಾನು ಓಡಿ ಹೋದಾಗ ಅವರು ಮೊದಲು ಕೇಳಿದ್ದು "ಬೆಲ್ ಜಜ್ಜಿತಾ?" ಅಂತ. ಬೆಲ್ ಅಂದರೆ ವಾದ್ಯದ ಅಗಲ ಬಾಯಿ.

ಆಗ ತಾತನಿಗೆ 72. ಎಡ ಭುಜದ ಸ್ನಾಯು ಮೊದಲೇ ಸವೆದಿತ್ತು. ಕುತ್ತಿಗೆಯಲ್ಲಿ ಸಂಧಿವಾತ. ಬಿಪಿಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆ ಮೂತ್ರ ಜಾಸ್ತಿ ಮಾಡಿಸುವಂಥದ್ದು. ಬಿಸಿಲಿನಲ್ಲಿ ಅದು ಮೈಯ ನೀರನ್ನು ಬೇಗ ಇಳಿಸುತ್ತದೆ. ಕಿವಿ ಮಂದ. ಹೆಂಡತಿ ತೀರಿಕೊಂಡು ನಾಲ್ಕು ವರ್ಷ, ಮನೆಯಲ್ಲಿ ಒಬ್ಬರೇ.

ಮೊದಲು ಮಾಡಿದ್ದು, ಅದರಲ್ಲಿ ನನ್ನ ತಪ್ಪು

ಆ ರಾತ್ರಿಯೇ ಅವರ ಮಗಳು ನನಗೆ ಫೋನ್ ಮಾಡಿದಳು. ಬೇರೆ ರಾಜ್ಯದಲ್ಲಿರುವವಳು, ಗಾಬರಿಯಾಗಿದ್ದಳು. "ನೀವು ಈ ವಿಷಯ ಬಲ್ಲವರು, ಹೇಳಿ, ಅಪ್ಪ ಇನ್ನು ನಿಲ್ಲಿಸಬೇಕಲ್ವಾ?" ಅಂದಳು. ನಾನು "ಹೌದು, ಸಾಕು ಅನಿಸುತ್ತದೆ" ಅಂದುಬಿಟ್ಟೆ.

ಆ ಒಂದು ಮಾತು ನಾನು ಆಡಬಾರದಿತ್ತು. ತಾತನನ್ನು ನಾನು ಇನ್ನೂ ಒಂದು ಪ್ರಶ್ನೆ ಕೂಡ ಕೇಳಿರಲಿಲ್ಲ. ಸರಿಯಾಗಿ ಪರೀಕ್ಷೆ ಮಾಡಿರಲಿಲ್ಲ. ಅವರ ದೇಹದ ಬಗ್ಗೆ ಅವರಿಗೆ ಹೇಳದೆ ಇನ್ನೊಬ್ಬರಿಗೆ ಹೇಳಿದ್ದೆ. ಮಗಳು ತಂಡದ ನಿರ್ದೇಶಕರಿಗೆ ಹೇಳಿದಳು. ನಿರ್ದೇಶಕರು ಒಳ್ಳೆಯ ಮನಸ್ಸಿನಿಂದಲೇ ತಾತನನ್ನು ಟೀ ಶರ್ಟ್ ಮಾರುವ ಮೇಜಿಗೆ ಹಾಕಿದರು. ಎಲ್ಲರೂ ಅವರ ಒಳ್ಳೆಯದನ್ನೇ ಬಯಸಿದ್ದೆವು, ಆದರೆ ಯಾರೂ ಅವರನ್ನು ಕೇಳಲಿಲ್ಲ.

ಮುಂದಿನ ಭಾನುವಾರ ಹೊಸ ಡ್ರಿಲ್ ಹಾಳೆ ಹಂಚಿದರು. ಹಾಳೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಗುರುತು. ತಾತನದ್ದು 'ಸಿ3', ಕಾಂಟ್ರಾ ಸಾಲಿನ ಮೂರನೆಯವರು. ಅವರು ಕನ್ನಡಕ ಹಣೆಗೇರಿಸಿ ಬೆರಳಿಟ್ಟು ಹುಡುಕಿದರು. ಸಿ2 ಆದಮೇಲೆ ಸಿ4 ಇತ್ತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು ಕಾರು ಹತ್ತಿದರು. ಆಮೇಲೆ ಮೂರು ವಾರ ಬರಲಿಲ್ಲ. ಫೋನ್ ಎತ್ತಲಿಲ್ಲ. ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದವರು ಅದನ್ನೂ ನಿಲ್ಲಿಸಿದರು. ಈ ಕೊನೆಯದು ನನ್ನನ್ನು ನಿಜಕ್ಕೂ ಹೆದರಿಸಿತು. ಬೀಳುವ ಅಪಾಯ ತಪ್ಪಿಸಲು ಹೋಗಿ ಅವರನ್ನು ಕುರ್ಚಿಗೆ ಕಟ್ಟಿ ಹಾಕಿದ್ದೆವು. ಕೂತಷ್ಟೂ ಕಾಲು ಸೋಲುತ್ತದೆ, ಸೋತ ಕಾಲು ಮನೆಯ ಬಚ್ಚಲಲ್ಲೇ ಬೀಳಿಸುತ್ತದೆ. ನನ್ನ ವೃತ್ತಿಯಲ್ಲಿ ಇದು ಮೊದಲ ಪಾಠ. ಅದನ್ನೇ ಮರೆತಿದ್ದೆ.

ತಿರುವು

ನಾಲ್ಕನೇ ವಾರ ಚಿತ್ರಾನ್ನ ಡಬ್ಬಿ ಹಿಡಿದು ಅವರ ಮನೆಗೆ ಹೋದೆ. ತಪ್ಪಾಯಿತು ಅಂದೆ. ಮಗಳಿಗೆ ಏನು ಹೇಳಿದ್ದೆ ಅನ್ನುವುದನ್ನೂ ಮುಚ್ಚಿಡಲಿಲ್ಲ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಗ್ಯಾರೇಜಿಗೆ ಕರೆದುಕೊಂಡು ಹೋದರು. ಕಂಬಳಿ ಹಾಸಿ ಕಾಂಟ್ರಾ ಮಲಗಿಸಿದ್ದರು. ಭುಜಕ್ಕೆ ಕೂರುವ ಕೊಳವೆಯ ಮೇಲೆ ಬೆಳ್ಳಿ ಲೇಪ ಪೂರ್ತಿ ಸವೆದು ಒಳಗಿನ ಹಿತ್ತಾಳೆ ಕಾಣುತ್ತಿತ್ತು. ಪಕ್ಕದಲ್ಲಿ ಒಂದು ಭುಜದ ದಿಂಬು, ಹಳೆಯ ಕೌದಿಯ ತುಂಡಿನಿಂದ ಹೊಲಿದದ್ದು, ಎರಡು ಕಡೆ ಲಾಡಿ. ಹೆಂಡತಿ ಹೊಲಿದು ಕೊಟ್ಟಿದ್ದಂತೆ.

"ತೂಕ ಹೊರುವ ಹಟ ನನಗಿಲ್ಲ" ಅಂದರು. "ಆ ಸಾಲಿನಲ್ಲಿ ನಿಂತರೆ ಇಡೀ ತಂಡ ಕೆಳಗಿನಿಂದ ಕೇಳುತ್ತದೆ. ಕಾಲಿಗೆ ಗೊತ್ತಾಗುತ್ತದೆ. ಅದು ನನಗೆ ಬೇಕು. ಆಮೇಲೆ, ಏನಾದರೂ ಬದಲಾಯಿಸುವುದಿದ್ದರೆ ನನಗೆ ಮೊದಲು ಹೇಳಿ. ಹಾಳೆಯಲ್ಲಿ ನೋಡಿ ತಿಳಿಯುವ ಹಾಗೆ ಮಾಡಬೇಡಿ."

ನಾವೆಲ್ಲ 'ನಿಲ್ಲಿಸಬೇಕೋ ಮುಂದುವರಿಸಬೇಕೋ' ಅಂತ ಒಂದೇ ಪ್ರಶ್ನೆ ಹಿಡಿದು ಕೂತಿದ್ದೆವು. ತಾತನ ಮಾತಲ್ಲಿ ಅದು ಮೂರು ತುಂಡಾಯಿತು. ಏನು ಹೊರಬೇಕು, ಎಲ್ಲಿ ನಿಲ್ಲಬೇಕು, ಯಾರು ಹೇಳಬೇಕು. ನಮ್ಮೂರ ಕಡೆ ಡೊಳ್ಳು ಕುಣಿತದಲ್ಲಿ ಮೈಯ ಕಸುವು ಇಳಿದವರು ಡೊಳ್ಳನ್ನು ಹುಡುಗರ ಹೆಗಲಿಗೆ ದಾಟಿಸಿ ತಾವು ತಾಳ ಹಿಡಿದು ನಿಲ್ಲುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಮೇಳ ಬಿಟ್ಟು ಹೋಗು ಅಂತ ಅವರಿಗೆ ಯಾರೂ ಹೇಳಿದ್ದಿಲ್ಲ. ಆ ಗ್ಯಾರೇಜಿನಲ್ಲಿ ನಿಂತಾಗ ಅದು ನೆನಪಾಯಿತು.

ಎರಡನೇ ಸಲ ಮಾಡಿದ್ದು

ಮೊದಲು ಪರೀಕ್ಷೆ, ತಾತ ಒಪ್ಪಿದ ಮೇಲೆ, ಅವರ ಡಾಕ್ಟರಿಗೆ ತಿಳಿಸಿ. ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತಾರೆ ಅಂತ ನೋಡುವ ಸರಳ ಪರೀಕ್ಷೆ ಇದೆ. 70ರಿಂದ 74ರ ಗಂಡಸರಿಗೆ 12ಕ್ಕಿಂತ ಕಡಿಮೆ ಆದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ತಾತ ಎದ್ದದ್ದು 9 ಸಲ. ಒಂದು ಪಾದದ ಹಿಂದೆ ಇನ್ನೊಂದು ಪಾದ ತಾಗಿಸಿ 10 ಸೆಕೆಂಡು ನಿಲ್ಲಬೇಕು. ಅವರು ನಿಂತದ್ದು 6. ಹಿಂದೆ ಹೆಜ್ಜೆ ಹಾಕುವಾಗ ಬಿದ್ದದ್ದು ಯಾಕೆ ಅಂತ ಈಗ ಗೊತ್ತಾಯಿತು. 14 ಕಿಲೋ ಪೂರ್ತಿ ಎಡಕ್ಕೆ, ಎಡಗಣ್ಣಿನ ನೋಟಕ್ಕೂ ಎಡಗಿವಿಗೂ ವಾದ್ಯ ಅಡ್ಡ, ಹಿಮ್ಮಡಿ ಗಾಳಿಯಲ್ಲಿ. ಅದರ ಮೇಲೆ ಎರಡು ಗಂಟೆಯ ಬಿಸಿಲು.

ವಾದ್ಯ ಬದಲಿಸಲು ತಾತ ಒಪ್ಪಿದರು. ಎಲ್ಲರ ಬಾಯಿಗೆ ಮೊದಲು ಬಂದದ್ದು ಸೊಪ್ರಾನೊ. ಟ್ರಂಪೆಟ್‌ನಂಥದ್ದು, ಹಗುರ. ಇಲ್ಲಿ ಒಂದು ಎಡವಟ್ಟು ತಪ್ಪಿತು. ತಾತನಿಗೆ ಕಣ್ಣಿನೊಳಗಿನ ಒತ್ತಡ ಗಡಿಯಲ್ಲಿತ್ತು, ಗ್ಲಾಕೋಮಾ ಬರಬಹುದು ಅಂತ ಕಣ್ಣಿನ ಡಾಕ್ಟರು ಕಣ್ಣಿಟ್ಟಿದ್ದರು. ಸಣ್ಣ ಬಾಯಿಯ ವಾದ್ಯದಲ್ಲಿ ಉಸಿರು ಬಿಗಿದು ಮೇಲಿನ ಸ್ವರ ಊದುವಾಗ ಆ ಒತ್ತಡ ಇನ್ನೂ ಏರುತ್ತದೆ. ಡಾಕ್ಟರು ಬೇಡವೇ ಬೇಡ ಅಂದರು. ಹಗುರವಾದದ್ದೆಲ್ಲ ಸುರಕ್ಷಿತ ಅಂದುಕೊಂಡಿದ್ದ ನನಗೆ ಅದು ಹೊಳೆದೇ ಇರಲಿಲ್ಲ.

ಕೊನೆಗೆ ಬ್ಯಾರಿಟೋನ್. ಕಾಂಟ್ರಾಕ್ಕಿಂತ ಒಂದು ಆಕ್ಟೇವ್ (ಸ್ಥಾಯಿ) ಮೇಲೆ, ಎದೆಯ ಮುಂದೆ ಎರಡೂ ಕೈಯಲ್ಲಿ ಹಿಡಿಯುವಂಥದ್ದು, ತೂಕ ಕಾಂಟ್ರಾದ ಕಾಲು ಭಾಗವೂ ಇಲ್ಲ. ಗಾಳಿ ಸಲೀಸಾಗಿ ಹೋಗುತ್ತದೆ. ಕಣ್ಣಿನ ಡಾಕ್ಟರು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು ಅನ್ನುವ ಷರತ್ತಿನ ಮೇಲೆ ಒಪ್ಪಿದರು. ಸ್ವರ ಜೋಡಿಸುವವರು 24 ಬಾರ್‌ಗಳನ್ನು ತಿದ್ದಿ, ಕಾಂಟ್ರಾದ ಸ್ವರವನ್ನೇ ಮೇಲಿನ ಆಕ್ಟೇವಿನಲ್ಲಿ ನುಡಿಸುವ ಹಾಗೆ ಬರೆದುಕೊಟ್ಟರು. ತಾತನ ಜಾಗ ಕಾಂಟ್ರಾ ಸಾಲಿನ ತುದಿಯಲ್ಲಿ, ಅವರ ಮಗ್ಗುಲಲ್ಲೇ. ಆದರೆ ಇದು ಸುಲಭ ಆಗಲಿಲ್ಲ. ದೊಡ್ಡ ಮೌತ್‌ಪೀಸ್‌ಗೆ ಎಷ್ಟೋ ವರ್ಷದಿಂದ ಒಗ್ಗಿದ ತುಟಿ, ಚಿಕ್ಕದಕ್ಕೆ ಬಗ್ಗುವುದಿಲ್ಲ. ಸುಮಾರು ಆರು ವಾರ ಅವರ ಸ್ವರ ಒಡೆಯುತ್ತಲೇ ಇತ್ತು. ಒಂದು ಸಂಜೆ ವಾದ್ಯವನ್ನು ಪೆಟ್ಟಿಗೆಗೆ ಹಾಕಿ "ಇದು ನನ್ನದಲ್ಲ" ಅಂದರು. ಪಕ್ಕದಲ್ಲಿದ್ದ ಬ್ಯಾರಿಟೋನ್ ವಾದಕಿ ಏನೂ ಹೇಳದೆ ತನ್ನ ಬೇರೆ ಮೌತ್‌ಪೀಸ್ ಒಂದನ್ನು ಅವರ ಕೈಗಿಟ್ಟಳು, ಸ್ವಲ್ಪ ಅಗಲದ್ದು. ಅಲ್ಲಿಂದ ಹದಕ್ಕೆ ಬಂತು.

ಡ್ರಿಲ್ ಬರೆಯುವವರು ನಾಲ್ಕು ಜಾಗದಲ್ಲಿ ಹಾಳೆ ಬದಲಿಸಿದರು. ತಾತ ಇರುವ ತುದಿ ಮುಂದಕ್ಕೆ ಮಾತ್ರ ಚಲಿಸುತ್ತದೆ, ಇಲ್ಲವೇ ನಿಂತಿರುತ್ತದೆ. ಅಡ್ಡ ನಡೆಯಿಸೋಣ ಅಂತ ಮೊದಲು ಅಂದುಕೊಂಡಿದ್ದೆವು. ಅದಕ್ಕೆ ಕಾಲು ಒಂದು ಕಡೆ, ಎದೆ ಇನ್ನೊಂದು ಕಡೆ ತಿರುಗಿಸಬೇಕು. ಅವರ ಕುತ್ತಿಗೆ ಒಪ್ಪಲಿಲ್ಲ, ಬಿಟ್ಟೆವು. ರಿಹರ್ಸಲ್ ಸಂಜೆ ನಾಲ್ಕಕ್ಕೆ ಹೋಯಿತು. ಇದರಿಂದ ಹುಡುಗರಿಗೇ ಜಾಸ್ತಿ ಖುಷಿ.

ಮನೆಯಲ್ಲಿ ವ್ಯಾಯಾಮ 12 ವಾರ. ಅಡುಗೆಮನೆಯ ಸಿಂಕ್ ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಏಳುವುದು, ಹಜಾರದಲ್ಲಿ ಗೋಡೆ ಪಕ್ಕ ಪಾದಕ್ಕೆ ಪಾದ ತಾಗಿಸಿ ನಡೆಯುವುದು. ನನ್ನ ಮಗಳು ಶಾಲೆ ಮುಗಿಸಿ ಹೋಗಿ ಎಣಿಸುತ್ತಿದ್ದಳು, ಕನ್ನಡದಲ್ಲಿ. ತಾತ ಈಗ ಹದಿನೈದರ ತನಕ ಎಣಿಸುತ್ತಾರೆ.

ಕಿವಿಯ ವಿಷಯವೂ ಹೇಳಬೇಕು. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುತ್ತಾರೆ. ಮೇಲೆ ಪ್ರತಿ 3 ಡೆಸಿಬಲ್‌ಗೆ ಆ ಹೊತ್ತು ಅರ್ಧ ಆಗುತ್ತಾ ಹೋಗುತ್ತದೆ. 100ಕ್ಕೆ ಹೋದರೆ ಬರೀ 15 ನಿಮಿಷ. ಡ್ರಮ್ ಸಾಲಿನ ಹತ್ತಿರ ಅಷ್ಟು ಸದ್ದು ಏನೂ ಹೆಚ್ಚಲ್ಲ. ಮೊದಲು ಮೆತ್ತನೆಯ ಫೋಮ್ ಪ್ಲಗ್ ಕೊಟ್ಟೆ. ಶ್ರುತಿ ತಿಳಿಯುವುದಿಲ್ಲ ಅಂತ ತಾತ ಮೊದಲ ದಿನವೇ ಕಿತ್ತಿಟ್ಟರು. ಸಂಗೀತಗಾರರಿಗೆಂದೇ ಬರುವ, ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಸಮನಾಗಿ ಇಳಿಸುವ ಪ್ಲಗ್ ಹಾಕಿಸಿದ ಮೇಲೆ ತೆಗೆಯಲಿಲ್ಲ. ಸರಿಯಾದದ್ದನ್ನು ಮೊದಲೇ ಕೊಡಬೇಕಿತ್ತು.

ಏನಾಯಿತು

12 ವಾರ ಕಳೆದ ಮೇಲೆ ಕುರ್ಚಿಯಿಂದ 13 ಸಲ ಎದ್ದರು. ಪಾದದ ಹಿಂದೆ ಪಾದ ಇಟ್ಟು 10 ಸೆಕೆಂಡು ನಿಂತರು. ಮೇ ತಿಂಗಳಲ್ಲಿ ಮಡಿದ ಸೈನಿಕರನ್ನು ನೆನೆಯುವ ಮೆಮೋರಿಯಲ್ ಡೇ ಮೆರವಣಿಗೆಯಲ್ಲಿ ಪೂರ್ತಿ ದಾರಿ ನಡೆಯದೆ ಕೊನೆಯ 800 ಮೀಟರ್ ಸೇರಿಕೊಳ್ಳುವುದು ಅಂತ ಒಪ್ಪಂದ. ಹಾಗೇ ಮಾಡಿದರು.

ಜುಲೈ 4ರ ಮೆರವಣಿಗೆಯಲ್ಲಿ ಒಪ್ಪಂದ ಮುರಿಯಿತು. ಹಳೆಯ ಗೆಳೆಯರು ಮೊದಲಿಂದ ಹೊರಟಿದ್ದರು, ತಾತನೂ ಹೊರಟರು. ಎರಡು ಕಿಲೋಮೀಟರ್ ದಾಟುವಾಗ ಮುಖ ಬಿಳಚಿಕೊಂಡಿತು. ನೆರಳಿಗೆ ಕೂರಿಸಿ, ಕಾಲು ಎತ್ತಿಸಿ, ನೀರು ಕುಡಿಸಿದೆವು. ಹತ್ತು ನಿಮಿಷಕ್ಕೆ ಸರಿಹೋದರು. ನನಗೆ ಸಿಟ್ಟು ಬಂದಿತ್ತು, ನಿಜ. ಆದರೆ ಈ ಸಲ ಮಗಳಿಗೆ ನಾನು ಫೋನ್ ಮಾಡಲಿಲ್ಲ. "ನೀವೇ ಹೇಳುತ್ತೀರಾ?" ಅಂತ ಅವರನ್ನೇ ಕೇಳಿದೆ. ಅವತ್ತು ಸಂಜೆ ಅವರೇ ಹೇಳಿದರು. ಮರುದಿನ ಡಾಕ್ಟರಿಗೂ ಹೇಳಿದರು. ಡಾಕ್ಟರು ಬಿಪಿ ಮಾತ್ರೆ ಬದಲಿಸಿದರು. ಆಮೇಲೆ ತಾತ ತಮ್ಮ ಕೈಯಿಂದಲೇ ಒಂದು ಹಾಳೆಯಲ್ಲಿ ನಿಲ್ಲಿಸುವ ನಿಯಮ ಬರೆದರು. ತಲೆ ಹಗುರ ಅನಿಸಿದರೆ ಆ ಹಾಡು ಮುಗಿಯುವ ತನಕ ಕಾಯದೆ ಸಾಲು ಬಿಡುವುದು. ಪಕ್ಕದವನು 'ತಾತ, ಸಾಕು' ಅಂದರೆ ವಾದ ಮಾಡದಿರುವುದು. ಆರು ತಿಂಗಳಿಗೊಮ್ಮೆ ಪರೀಕ್ಷೆ, 12ಕ್ಕಿಂತ ಇಳಿದರೆ ಮೈದಾನ ಬಿಟ್ಟು ನಿಂತು ನುಡಿಸುವ ಕಛೇರಿ ಮಾತ್ರ. ನಾನು ಬರೆದುಕೊಟ್ಟಿದ್ದರೆ ಇದು ಒಂದು ವಾರವೂ ಬಾಳುತ್ತಿರಲಿಲ್ಲ.

ತಂಡದಲ್ಲಿ ಇದರಿಂದ ಒಂದು ಪದ್ಧತಿ ಬಂತು. 60 ದಾಟಿದವರೆಲ್ಲ ಸೀಸನ್ ಮೊದಲು ಇದೇ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಹುಟ್ಟಿದ ವರ್ಷ ನೋಡಿ ಯಾರನ್ನೂ ಸಾಲಿನಿಂದ ತೆಗೆಯುವುದಿಲ್ಲ, ಯಾರನ್ನೂ ಸುಮ್ನೆ ಉಳಿಸಿಕೊಳ್ಳುವುದೂ ಇಲ್ಲ. ಜಾಗ ಬದಲಾಗುವುದಿದ್ದರೆ ಹಾಳೆ ಅಚ್ಚಾಗುವ ಮೊದಲು ನಿರ್ದೇಶಕರು ಅವರ ಮನೆಗೆ ಹೋಗಿ ಮಾತಾಡುತ್ತಾರೆ. 68ರ ಒಬ್ಬ ಡ್ರಮ್ ವಾದಕಿ ತಮ್ಮ ಅಂಕಿ ನೋಡಿ, ಒಂದು ವಾರ ಯೋಚಿಸಿ, ಬಿಡುತ್ತೇನೆ ಅಂದರು. ಯಾರೂ ತಡೆಯಲಿಲ್ಲ. ಬಿಡುವ ನಿರ್ಧಾರವೂ ಅವರದ್ದೇ ಆಗಿತ್ತು. ಅವರಿಗಾಗಿ ತಂಡ ಮುಖ ಮಾಡಿ ನಿಂತು ಒಂದು ಪೂರ್ತಿ ಹಾಡು ನುಡಿಸಿತು. ಬೇರೆಯವರು ಇದನ್ನು ತಮ್ಮ ಕಡೆ ಮಾಡುವುದಾದರೆ ಪರೀಕ್ಷೆಯಿಂದ ಶುರು ಮಾಡಬೇಡಿ ಅನ್ನುತ್ತೇನೆ. ಅವರು ಯಾವುದನ್ನು ಬಿಟ್ಟುಕೊಡಲಾರರು ಅಂತ ಮೊದಲು ಕೇಳಿ. ನಾನು ಕೇಳಿದ್ದರೆ ಆ ಮೂರು ವಾರ ಬರುತ್ತಲೇ ಇರಲಿಲ್ಲ.

ತಡವಾಗಿಯಾದರೂ ಆ 8 ನಿಮಿಷದ ಪ್ರದರ್ಶನ ಮರುವರ್ಷ ಆಗಸ್ಟ್‌ನಲ್ಲಿ ಆಯಿತು. ತಾತನ ಕಾಂಟ್ರಾವನ್ನು ಈಗ ಹೊರುವವನು ಹಿಂದಿನ ವರ್ಷವಷ್ಟೇ ಯುವಕರ ತಂಡದಿಂದ ಏಜ್ ಔಟ್ ಆಗಿ ಬಂದ ಹುಡುಗ. ಕೌದಿಯ ದಿಂಬೂ ಅವನ ಭುಜದ ಮೇಲೇ ಇದೆ. ಮೈದಾನಕ್ಕಿಳಿಯುವ ಮೊದಲು ತಾತ ಬಂದು ಅದರ ಲಾಡಿ ಎಳೆದು ಗಂಟು ಬಿಗಿ ಮಾಡಿದರು. "ಒಗೆಯಬೇಡ, ಬಿಸಿಲಿಗೆ ಹಾಕು ಸಾಕು" ಅಂದರು. ಆಮೇಲೆ ತಮ್ಮ ಬ್ಯಾರಿಟೋನ್ ಎತ್ತಿಕೊಂಡು ಸಾಲಿನ ತುದಿಗೆ ಹೋಗಿ ನಿಂತರು. ಹಾಳೆಯಲ್ಲಿ ಅವರ ಗುರುತು ಈಗಲೂ ಸಿ3. ಡ್ರಿಲ್ ಬರೆಯುವವರು ಅದನ್ನು ಬದಲಿಸಲು ಹೋಗಿಲ್ಲ. ಮುಂದಿನ ಪರೀಕ್ಷೆ ಮಾರ್ಚ್‌ನಲ್ಲಿ.